ಜಪಮಾಲೆ, ಕಡೆಗೋಲು ಮತ್ತು ಜಾವಾಸ್ಕ್ರಿಪ್ಟ್



ನನ್ನ ಭಾನುವಾರದ ಕಂಪ್ಯೂಟರ್ ಕ್ಲಾಸಿಗೆ ಬರುವವರಲ್ಲಿ ಮೂವರು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಸೇರಲು ಹೊರಟಿದ್ದಾರೆ. ಹತ್ತು ಹನ್ನೆರಡು ವರ್ಷ ಮನೆಯಲ್ಲಿದ್ದು ಈಗ ಇಂಟರ್‌ವ್ಯೂ. ಅಲ್ಲಿ ಕೇಳಬಹುದಾದ ಒಂದು ಪ್ರಶ್ನೆ: ಜಾವಾಸ್ಕ್ರಿಪ್ಟ್‌ನಲ್ಲಿ ಫಾರ್ ಲೂಪ್‌ಗೂ ವೈಲ್ ಲೂಪ್‌ಗೂ ಏನು ವ್ಯತ್ಯಾಸ? ಬಾಯಿಪಾಠದ ಉತ್ತರ ಮರುಪ್ರಶ್ನೆಗೇ ಕೈಕೊಡುತ್ತದೆ. ಅದಕ್ಕೇ ಇವತ್ತು ಈ ವಿಷಯ.

ಲೂಪ್ ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಜಪಮಾಲೆಯಲ್ಲಿ 108 ಮಣಿ. ಎಷ್ಟು ಸಲ ಎಂಬುದು ಕೂರುವ ಮೊದಲೇ ಗೊತ್ತು. ಅದು ಫಾರ್. ಮೊಸರನ್ನು ಬೆಣ್ಣೆ ಬರುವವರೆಗೆ ಕಡೆಯುತ್ತೇವೆ. ಕಡೆಗೋಲು ಎಷ್ಟು ಸುತ್ತು ತಿರುಗಿತು ಎಂದು ಯಾರು ಎಣಿಸುತ್ತಾರೆ? ಅದು ವೈಲ್.

ಫಾರ್‌ನ ಬ್ರ್ಯಾಕೆಟ್ಟಿನೊಳಗೆ ಮೂರು ಭಾಗ, ನಡುನಡುವೆ ಸೆಮಿಕೋಲನ್: ಎಲ್ಲಿಂದ ಶುರು, ಎಲ್ಲಿಯವರೆಗೆ, ಪ್ರತಿ ಸುತ್ತಿಗೆ ಎಷ್ಟು ಹೆಚ್ಚಬೇಕು. ವೈಲ್‌ನಲ್ಲಿ ಷರತ್ತು ಮಾತ್ರ. ಆರಂಭವನ್ನು ಮೇಲೆ ಬರೆದುಕೊಳ್ಳಬೇಕು, ಹೆಚ್ಚಿಸುವುದನ್ನು ಒಳಗೆ. ಹೆಚ್ಚಿಸುವ ಸಾಲು ಬಿಟ್ಟುಹೋದರೆ ಲೂಪ್ ನಿಲ್ಲುವುದೇ ಇಲ್ಲ, ಬ್ರೌಸರ್‌ನ ಆ ಪುಟ ಮರಗಟ್ಟಿ ಕೂರುತ್ತದೆ.

ಜಾಣ ಸಂದರ್ಶಕರು ಕೆದಕುವುದು 'ಕಂಟಿನ್ಯೂ' ಬಗ್ಗೆ. 1ರಿಂದ 10ರವರೆಗೆ ಎಣಿಸುತ್ತಾ, 5 ಬಂದಾಗ ಅದನ್ನು ಬಿಟ್ಟು ಮುಂದೆ ಹೋಗು ಎಂದು ಬರೆದಿದ್ದೀರಿ ಅನ್ನಿ. ಫಾರ್‌ನಲ್ಲಿ ಕಂಟಿನ್ಯೂ ಬಂದೊಡನೆ ಮೂರನೇ ಭಾಗ ನಡೆಯುತ್ತದೆ, ಎಣಿಕೆ 6 ಆಗುತ್ತದೆ, ಆಮೇಲೆ ಷರತ್ತಿನ ಪರೀಕ್ಷೆ. ವೈಲ್‌ನಲ್ಲಿ ಅದು ಸೀದಾ ಷರತ್ತಿಗೇ ಹಾರುತ್ತದೆ. ಹೆಚ್ಚಿಸುವ ಸಾಲು ಕಂಟಿನ್ಯೂ ಕೆಳಗಿದ್ದರೆ ಮುಗಿಯಿತು, 5ರಲ್ಲೇ ಗಿರಕಿ! ಇದನ್ನು ಕಾಗದದ ಮೇಲೆ ಬರೆದು ತೋರಿಸಬಲ್ಲವರು ಹನ್ನೆರಡು ವರ್ಷದ ಬಿಡುವಿಗೆ ಸಂಕೋಚಪಡಬೇಕಾಗಿಲ್ಲ.

ಇನ್ನೊಂದು. ಫಾರ್‌ನ ಆರಂಭದಲ್ಲಿ 'ಲೆಟ್' ಹಾಕಿ ಬರೆದ ಎಣಿಕೆ ಆ ಲೂಪ್‌ನ ಆಚೆ ಸಿಗುವುದಿಲ್ಲ. ವೈಲ್‌ಗಾಗಿ ಮೇಲೆ ಬರೆದುಕೊಂಡದ್ದು ಲೂಪ್ ಮುಗಿದ ಮೇಲೂ ಉಳಿದಿರುತ್ತದೆ.

ಯಾವುದು ವೇಗ ಎಂದು ಕೇಳಿದರೆ, ದಿನನಿತ್ಯದ ಕೆಲಸದಲ್ಲಿ ಲೆಕ್ಕಕ್ಕೆ ಬರುವಷ್ಟು ಅಂತರವಿಲ್ಲ ಎನ್ನಿ. ಫಾರ್‌ನಲ್ಲಿ ಬರೆದದ್ದನ್ನು ವೈಲ್‌ನಲ್ಲೂ ಬರೆಯಬಹುದು. ನಾನಂತೂ ಸದಸ್ಯರ ಪಟ್ಟಿ ಓದಿಸಲು ಫಾರ್ ಬಳಸುತ್ತೇನೆ. ಸರಿಯಾದ ಉತ್ತರ ಬರುವವರೆಗೆ ಕೇಳುತ್ತಿರಲು ವೈಲ್. 'ಡು ವೈಲ್' ಎಂಬ ತಂಗಿಯೂ ಇದ್ದಾಳೆ: ಸಾರಿನ ಉಪ್ಪು ನೋಡಿದ ಹಾಗೆ, ಒಮ್ಮೆಯಾದರೂ ಮಾಡಿಯೇ ಷರತ್ತು ನೋಡುವವಳು.

ಲ್ಯಾಪ್‌ಟಾಪ್ ತಂದವರು ಮುಂದಿನ ಸಾಲಿಗೆ ಬನ್ನಿ. ಕ್ರೋಮ್ ತೆರೆದು ಎಫ್12 ಒತ್ತಿ, ಕನ್ಸೋಲ್‌ಗೆ ಹೋಗಿ. ಮೊದಲು ಫಾರ್ ಬರೆಯೋಣ.