ಪಂಚಾಂಗ ಹಿಡಿದು ಕೋರಮಂಡಲಕ್ಕೆ



ಡಿಸೆಂಬರ್ ತಿಂಗಳ ಕೊನೆ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪೂರ್ವ ಭಾಗದ ಬಾಟನಿ ಡೌನ್ಸ್ ಬಡಾವಣೆಯಲ್ಲಿ ಬೇಸಿಗೆ ರಜೆ. ಊರಿಂದ ಅಜ್ಜ-ಅಜ್ಜಿ ಬಂದಿರುವ ಒಂದು ಕನ್ನಡ ಮನೆಯನ್ನು ನೆನೆದುಕೊಳ್ಳೋಣ. ಬೆಳಗಿನ ಜಾವಕ್ಕೇ ಒಗ್ಗರಣೆಯ ಸದ್ದು. ಪುಳಿಯೋಗರೆ ಒಂದು ಡಬ್ಬಿಗೆ, ಮೊಸರನ್ನ ಇನ್ನೊಂದಕ್ಕೆ. ಕಾರಿನ ಡಿಕ್ಕಿಯಲ್ಲಿ ಚಾಪೆ, ಟವೆಲ್ಲು, ಜೊತೆಗೊಂದು ಸಣ್ಣ ಸಲಿಕೆ.

"ಸಲಿಕೆ ಯಾಕೋ ಪುಟ್ಟ?" ಅಂತ ಅಜ್ಜಿ ಕೇಳುತ್ತಾರೆ.

"ಬಿಸಿನೀರಿಗೆ, ಅಜ್ಜಿ."

ಈ ಮನೆಯವರು ಹೊರಟಿರುವುದು ಕೊರೊಮ್ಯಾಂಡಲ್ ಪರ್ಯಾಯ ದ್ವೀಪದ ಕಡಲೂರುಗಳಿಗೆ. ಎಷ್ಟು ಹೊತ್ತಿಗೆ ಹೊರಡಬೇಕೆಂದು ಮನೆಯ ಯಜಮಾನ ತೀರ್ಮಾನಿಸಿದ್ದು ಭರತ-ಇಳಿತದ ಕೋಷ್ಟಕ ನೋಡಿ. ಅಜ್ಜಿ ಅದನ್ನು ಕೇಳಿ ಬೆರಳು ಮಡಿಸಿ ಎಣಿಸುತ್ತಾರೆ: ಇವತ್ತು ಬಿದಿಗೆ. ಅವರ ಲೆಕ್ಕಕ್ಕೂ ಕೋಷ್ಟಕಕ್ಕೂ ನಂಟಿದೆ. ಭರತ ಏಳುವುದು ಮುಖ್ಯವಾಗಿ ಚಂದ್ರನ ಸೆಳೆತಕ್ಕೆ. ಅದಕ್ಕೇ ಅದು ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಆಕ್ಲೆಂಡಿನ ಸುತ್ತಮುತ್ತ ಆ ದಿನಗಳಲ್ಲಿ ಭರತ ಬರುವುದು ಬೆಳಗಿನ ಹೊತ್ತಿಗೆ. ಅದಾಗಿ ಆರು ಗಂಟೆ ಚಿಲ್ಲರೆಯಲ್ಲಿ ಇಳಿತ. ಈ ಪ್ರವಾಸಕ್ಕೆ ಬೆಳಿಗ್ಗೆ ಭರತ, ಮಧ್ಯಾಹ್ನ ಇಳಿತ ಎರಡೂ ಬೇಕು.

ಭರತ ಬೇಕಾಗಿರುವುದು ಪೂಕೊರೊಕೊರೊ ಮಿರಾಂಡಾದಲ್ಲಿ. ಕ್ಲೀವ್‌ಡನ್, ಕವಾಕವಾ ಬೇ, ಕೈಯಾವಾ ದಾಟಿದರೆ ಸಿಗುವ ಕೆಸರು ತೀರ ಇದು. ಕಡಲು ಹಿಂದೆ ಸರಿದಾಗ ಸಾವಿರಾರು ಹಕ್ಕಿಗಳು ಕಣ್ಣಿಗೆಟುಕದಷ್ಟು ದೂರದ ಕೆಸರಲ್ಲಿ ಮೇಯುತ್ತಿರುತ್ತವೆ. ಭರತ ಏರಿದಂತೆ ನೀರೇ ಅವನ್ನು ದಡದ ಚಿಪ್ಪಿನ ದಿಬ್ಬಗಳ ಹತ್ತಿರಕ್ಕೆ ಅಟ್ಟಿಕೊಂಡು ಬರುತ್ತದೆ. ಅವುಗಳಲ್ಲಿ ಉದ್ದ ಕೊಕ್ಕಿನ ಒಂದು ಹಕ್ಕಿಗೆ ಮಾವೊರಿ ಭಾಷೆಯಲ್ಲಿ ಕುಆಕಾ ಎಂದು ಹೆಸರು, ಇಂಗ್ಲಿಷಿನಲ್ಲಿ ಗಾಡ್‌ವಿಟ್. 2007ರಲ್ಲಿ ವಿಜ್ಞಾನಿಗಳು ಇಂಥ ಒಂದು ಹೆಣ್ಣು ಹಕ್ಕಿಗೆ ಉಪಗ್ರಹ ಸಾಧನ ಜೋಡಿಸಿದರು. ಇ7 ಎಂದು ಕರೆಸಿಕೊಂಡ ಆ ಹಕ್ಕಿ ಅಲಾಸ್ಕಾದಿಂದ ಹೊರಟು ಎಂಟು ದಿನಕ್ಕೂ ಹೆಚ್ಚು ಕಾಲ ಎಲ್ಲೂ ಕೂರದೆ, ಮೇಯದೆ, 11,680 ಕಿಲೋಮೀಟರ್ ಹಾರಿ ಈ ತೀರದ ಮುಂದಿನ ಕೊಲ್ಲಿಗೇ ಬಂದಿಳಿಯಿತು. ಹೊರಡುವ ಮುನ್ನ ಈ ಹಕ್ಕಿಗಳು ಮೈತುಂಬ ಕೊಬ್ಬು ಕೂಡಿಸಿಕೊಳ್ಳುತ್ತವೆ. ಹಾರುವಾಗ ಬೇಡದ ಜೀರ್ಣಾಂಗಗಳನ್ನು ಕುಗ್ಗಿಸಿಕೊಳ್ಳುತ್ತವೆ. ಬೆಂಗಳೂರಿನಿಂದ ಎರಡು ವಿಮಾನ ಬದಲಿಸಿ, ಕಾಲು ಊದಿಸಿಕೊಂಡು ಬಂದ ಅಜ್ಜ ಬೈನಾಕ್ಯುಲರ್ ಕೆಳಗಿಳಿಸುವುದೇ ಇಲ್ಲ.

ಅಲ್ಲಿಂದ ಕೋಪು ದಾಟಿ ಬೆಟ್ಟದ ದಾರಿ. 2023ರ ಜನವರಿಯ ಮಳೆಗೆ ಈ ಹೆದ್ದಾರಿ, 25ಎ, ಒಂದು ಕಡೆ ಗುಡ್ಡದ ಸಮೇತ ಕುಸಿದುಹೋಯಿತು. ಬೇಸಿಗೆಯ ಪ್ರವಾಸಿಗರನ್ನು ನಂಬಿದ್ದ ಆಚೆ ಬದಿಯ ಊರುಗಳು ತಿಂಗಳುಗಟ್ಟಲೆ ಸೊರಗಿದವು. 124 ಮೀಟರ್ ಉದ್ದದ ಹೊಸ ಸೇತುವೆ ಅದೇ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು. ಕರಾವಳಿಯ ಕನ್ನಡಿಗರಿಗೆ ಇಲ್ಲಿ ಶಿರೂರು ನೆನಪಾಗದೆ ಇರದು. 2024ರ ಜುಲೈ 16ರಂದು ಅಂಕೋಲಾ ಬಳಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಾಗ ರಸ್ತೆಯಷ್ಟೇ ಹೋಗಲಿಲ್ಲ, ಜೀವಗಳೂ ಹೋದವು. ಕಡಲಿಗೂ ಬೆಟ್ಟಕ್ಕೂ ನಡುವೆ ಕೊರೆದ ದಾರಿಯಲ್ಲಿ ಸಾಗುವವರು ಮಳೆಯ ಮುನ್ಸೂಚನೆಯನ್ನೂ ಕೇಳಿ ಹೊರಡಬೇಕು.

ಸಲಿಕೆ ಹೊರಬರುವುದು ಮಧ್ಯಾಹ್ನ, ಹಾಟ್ ವಾಟರ್ ಬೀಚ್‌ನಲ್ಲಿ. ಮರಳಿನಡಿಯ ಬುಗ್ಗೆಗಳ ನೀರು 64 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾದಿರುತ್ತದೆ. ಇಳಿತಕ್ಕೆ ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ, ಇಷ್ಟು ಹೊತ್ತು ಆ ಜಾಗ ಅಲೆಗಳಿಂದ ಬಿಡುವು ಪಡೆಯುತ್ತದೆ. ಗುಂಡಿ ತೋಡಿದರೆ ಮನೆಮಂದಿಗೆಲ್ಲ ಬಿಸಿನೀರ ಮಡು. ಅಜ್ಜಿ ಸೀರೆಯ ನೆರಿಗೆ ಎತ್ತಿ ಕಟ್ಟಿ, ಮಂಡಿ ನೋವಿನ ಕಾಲನ್ನು ಅದರಲ್ಲಿ ಇಳಿಬಿಟ್ಟು ಕೂರುತ್ತಾರೆ. ಭರತ ತಿರುಗಿದರೆ ಮಡು ಅಳಿಸಿಹೋಗುತ್ತದೆ. ಆ ತೀರದ ಸೆಳವು ಬಲು ಅಪಾಯದ್ದು. ಮಕ್ಕಳು ಮರಳಿನಲ್ಲೇ ಆಡಬೇಕು.

ರಾತ್ರಿ ವಿಟಿಯಾಂಗಾದಲ್ಲಿ ವಸತಿ. ಆ ಊರಿನ ಮುಂದಿನ ಕೊಲ್ಲಿಗೆ ಮರ್ಕ್ಯುರಿ ಬೇ, ಅಂದರೆ ಬುಧನ ಕೊಲ್ಲಿ ಎಂದು ಹೆಸರು. 1769ರ ನವೆಂಬರ್‌ನಲ್ಲಿ ನಾವಿಕ ಜೇಮ್ಸ್ ಕುಕ್‌ನ ತಂಡ ಬುಧಗ್ರಹ ಸೂರ್ಯಬಿಂಬವನ್ನು ಹಾಯುವುದನ್ನು ಇಲ್ಲಿಂದ ಗಮನಿಸಿತ್ತು. ಅವನಿಗಿಂತ ಶತಮಾನಗಳ ಮೊದಲೇ ಬಂದು ನೆಲೆಸಿದ್ದ ಮಾವೊರಿಗಳಿಗೆ ಚಂದ್ರನ ಪಂಚಾಂಗವೇ ಇದೆ. ಅದರ ಹೆಸರು ಮರಮಟಕ. ಅದರಲ್ಲಿ ಒಂದೊಂದು ರಾತ್ರಿಗೂ ಒಂದೊಂದು ಹೆಸರು. ಅಮಾವಾಸ್ಯೆ ವಿರೊ, ಹುಣ್ಣಿಮೆ ರಾಕೌನುಯಿ. ಬಲೆ ಬೀಸಲು, ಬೀಜ ನೆಡಲು ಯಾವ ರಾತ್ರಿ, ಯಾವ ಹಗಲು ಒಳ್ಳೆಯದೆಂದು ಅದು ಹೇಳುತ್ತದೆ. ಅಜ್ಜಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ದಿನ ನೋಡಿ ಕಡಲಿಗಿಳಿಯುವ ಕಟ್ಟಳೆ ಅಜ್ಜನಿಗೂ ಹೊಸದಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ದೋಣಿಯೂ ಇರುವುದಿಲ್ಲ.

ಮರುದಿನ ಕೊರೊಮ್ಯಾಂಡಲ್ ಪಟ್ಟಣ. ಈ ಹೆಸರು ಬಂದದ್ದು 1820ರಲ್ಲಿ ಕೂವೆಮರಕ್ಕಾಗಿ ಕೌರಿ ದಿಮ್ಮಿಗಳನ್ನು ಹುಡುಕಿ ಬಂದ ಬ್ರಿಟಿಷ್ ಹಡಗಿನಿಂದ. ಆ ಹಡಗಿಗೆ ಹೆಸರು ಕೊಟ್ಟದ್ದು ನಮ್ಮ ಪೂರ್ವ ತೀರ, ಚೋಳಮಂಡಲವೇ ಮೂಲವೆಂದು ಹೇಳುವ ಕೋರಮಂಡಲ. 1798ರಲ್ಲಿ ಕೋಲ್ಕತ್ತದಲ್ಲಿ ಕಟ್ಟಿದ ಆ ಹಡಗಿಗೆ ಮೊದಲು ಕುವೇರ ಎಂದು, ಆಮೇಲೆ ಮಲಬಾರ್ ಎಂದು ಹೆಸರಿತ್ತು. ಮಲಬಾರಿಗೂ ಕೋರಮಂಡಲಕ್ಕೂ ನಡುವಿನ ನಾಡಿನಿಂದ ಬಂದವರ ಮೊಮ್ಮಗ ಈ ಕಥೆಯನ್ನು ಎರಡೆರಡು ಸಲ ಹೇಳಿಸಿಕೊಳ್ಳುತ್ತಾನೆ.

ಅಲ್ಲಿಂದ ಟೇಮ್ಸ್‌ವರೆಗೆ ನೀರಿನ ಅಂಚಿನಲ್ಲೇ ಅಂಕುಡೊಂಕಿನ ರಸ್ತೆ. ಡಿಸೆಂಬರ್‌ನಲ್ಲಿ ಅದರ ಉದ್ದಕ್ಕೂ ಪೊಹುಟುಕವಾ ಮರಗಳು ಕೆಂಪಗೆ ಅರಳಿ ನಿಂತಿರುತ್ತವೆ. 1867ರಲ್ಲಿ ಚಿನ್ನ ಸಿಕ್ಕು ಬೆಳೆದ ಟೇಮ್ಸ್‌ನಲ್ಲಿ ಚಹಾ ಕುಡಿದರೆ, ಕತ್ತಲಾಗುವ ಮೊದಲೇ ಬಾಟನಿ ಡೌನ್ಸ್ ಸೇರಬಹುದು.

ಈ ಬೇಸಿಗೆಯಲ್ಲಿ ಹೊರಡುವವರು ಭರತ-ಇಳಿತದ ಕೋಷ್ಟಕವನ್ನು ಎರಡೂ ತೀರಗಳಿಗೆ ಬೇರೆಬೇರೆಯಾಗಿ ನೋಡಿಕೊಳ್ಳಿ; ಮನೆಯ ಹಿರಿಯರನ್ನು ತಿಥಿ ಕೇಳಿ. ಮಾರ್ಚ್ ಮುಗಿಯುವುದರೊಳಗೆ ಹೋಗಿ ಬನ್ನಿ. ಆಮೇಲೆ ಕುಆಕಾಗಳು ಅಲಾಸ್ಕಾದ ದಾರಿ ಹಿಡಿದಿರುತ್ತವೆ.