ಒಕ್ಕೂಟ ವ್ಯವಸ್ಥೆ ಮತ್ತು ಜನಕಲ್ಯಾಣ



ಜನಕಲ್ಯಾಣವನ್ನು ಸಾಧಿಸುವ ಸಮಾಜವ್ಯವಸ್ಥೆಯನ್ನು ನೆಲೆಗೊಳಿಸುವ ಹೊಣೆಯನ್ನು ನಮ್ಮ ಸಂವಿಧಾನದ 38ನೆಯ ಅನುಚ್ಛೇದವು ಪ್ರಭುತ್ವಕ್ಕೆ ವಹಿಸಿದೆ. ಏಳನೆಯ ಅನುಸೂಚಿಯು ಈ ಹೊಣೆಯನ್ನು ಹಂಚಿದೆ. ಸಾರ್ವಜನಿಕ ಆರೋಗ್ಯವು ರಾಜ್ಯಗಳಿಗೆ ಸೇರಿದೆ. ಸಾಮಾಜಿಕ ಭದ್ರತೆ, ಉದ್ಯೋಗ ಹಾಗೂ ಕಾರ್ಮಿಕ ಕಲ್ಯಾಣಗಳು ಸಮವರ್ತಿ ಪಟ್ಟಿಯಲ್ಲಿವೆ. ಅಧಿಕಾರ ಹೀಗೆ ಹಂಚಿಹೋದರೆ ಕಲ್ಯಾಣಕಾರ್ಯಗಳು ಕುಂಠಿತವಾಗುವುವೆಂಬ ವಾದವುಂಟು. ನಮ್ಮ ದೇಶದ ಅನುಭವವು ಈ ವಾದವನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ.

1972ರ ಬರಗಾಲದ ದಿನಗಳಲ್ಲಿ ಮಹಾರಾಷ್ಟ್ರವು ಉದ್ಯೋಗ ಖಾತರಿ ಯೋಜನೆಯನ್ನು ಕೈಗೊಂಡಿತು. ಅದರ ವೆಚ್ಚಕ್ಕೆಂದು 1975ರಲ್ಲಿ ವೃತ್ತಿ ತೆರಿಗೆಯನ್ನು ವಿಧಿಸಲಾಯಿತು. ಮುಂಬಯಿಯ ಸಂಬಳದಾರರು ತೆತ್ತ ಹಣ ಹಳ್ಳಿಯ ಕೂಲಿಕಾರರಿಗೆ ಆಸರೆಯಾಯಿತು. ಯೋಜನೆಗೆ 1977ರ ಕಾಯಿದೆಯ ಬಲ ದೊರೆಯಿತು. 2005ರಲ್ಲಿ ಸಂಸತ್ತು ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೆಲಸದ ಖಾತರಿಯನ್ನು ನೀಡಿದಾಗ ಈ ಪ್ರಯೋಗದ ಅನುಭವ ಕಣ್ಣಮುಂದಿತ್ತು.

ಶಾಲಾ ಮಕ್ಕಳ ಮಧ್ಯಾಹ್ನದ ಊಟದ ಕಥೆಯೂ ಇಂಥದೇ. ತಮಿಳುನಾಡಿನಲ್ಲಿ ಕಾಮರಾಜರು 1956ರಲ್ಲಿ ಆರಂಭಿಸಿದ ಈ ಕಾರ್ಯವನ್ನು ಎಂ.ಜಿ. ರಾಮಚಂದ್ರನ್ ಅವರು 1982ರಲ್ಲಿ ವಿಸ್ತರಿಸಿದರು. ಕೇಂದ್ರ ಸರ್ಕಾರವು 1995ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಆದರೂ ಹಲವು ರಾಜ್ಯಗಳು ಕೇವಲ ಧಾನ್ಯವನ್ನು ಹಂಚುತ್ತಿದ್ದುದರಿಂದ, ಬಿಸಿಯೂಟವನ್ನೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಆದೇಶಿಸಿತು. ಒಂದು ರಾಜ್ಯ ಹಚ್ಚಿದ ಒಲೆ ದೇಶದ ಒಲೆಯಾಯಿತು.

ಆದರೆ ಈ ವ್ಯವಸ್ಥೆಗೆ ಮತ್ತೊಂದು ಮುಖವಿದೆ. ಯೋಜನೆಯು ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ದುಡಿಯುವವನು ಗಡಿಯನ್ನು ದಾಟುತ್ತಾನೆ. ಕಲಬುರಗಿಯಿಂದ ಪುಣೆಗೋ ಹೈದರಾಬಾದಿಗೋ ಕಟ್ಟಡ ಕೆಲಸಕ್ಕೆ ಹೋದವರ ಪಡಿತರ ಚೀಟಿ ಬಹುಕಾಲ ಊರಿನಲ್ಲಿಯೇ ಉಳಿಯುತ್ತಿತ್ತು. 2019ರಲ್ಲಿ ಆರಂಭವಾಗಿ 2022ರ ವೇಳೆಗೆ ಎಲ್ಲ ರಾಜ್ಯಗಳನ್ನೂ ತಲುಪಿದ 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ವ್ಯವಸ್ಥೆಯು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ. 2013ರ ಆಹಾರ ಭದ್ರತಾ ಕಾಯಿದೆಯನ್ವಯ ಸಲ್ಲುವ ಧಾನ್ಯವನ್ನು, ಆಧಾರ್ ಜೋಡಣೆಯಾಗಿದ್ದರೆ, ಇರುವಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿಯೇ ಪಡೆಯಬಹುದು. ಊರಿನಲ್ಲಿ ಉಳಿದ ಕುಟುಂಬದವರು ತಮ್ಮ ಪಾಲನ್ನು ಅಲ್ಲಿಯೇ ಪಡೆಯಬಹುದು. ತವರು ರಾಜ್ಯವು ತನ್ನ ಖರ್ಚಿನಲ್ಲಿ ಕೊಡುವ ಹೆಚ್ಚುವರಿ ಪಾಲು ಮಾತ್ರ ಗಡಿಯಾಚೆ ದೊರೆಯದು.

ಹೊಸ ಪ್ರಯೋಗಗಳಿಗೆ ರಾಜ್ಯಗಳಿಗೆ ಸ್ವಾತಂತ್ರ್ಯವಿರಬೇಕು. ಮೂಲ ಹಕ್ಕುಗಳು ದೇಶದ ಯಾವ ಮೂಲೆಯಲ್ಲಿಯೂ ಕೈತಪ್ಪಬಾರದು. ಇವೆರಡನ್ನೂ ಸರಿದೂಗಿಸುವುದರಲ್ಲಿಯೇ ಒಕ್ಕೂಟದ ಸಾರ್ಥಕತೆಯಿದೆ. ಹೊರನಾಡಿನಲ್ಲಿರುವ ಕನ್ನಡ ಸಂಘಗಳು ದುಡಿಯಲು ಬಂದ ಬಂಧುಗಳಿಗೆ ಈ ಸೌಲಭ್ಯವನ್ನು ತಿಳಿಯಪಡಿಸಿದರೆ ಅದೊಂದು ದೊಡ್ಡ ಸೇವೆಯಾದೀತು.