ಕಟ್ಟಡದ ಕೆಲಸದಲ್ಲಿ ಮಾತಿನ ಸ್ಥಾನ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ಕಟ್ಟಡದ ವಿಷಯವಾಗಿ ಮಾತನಾಡಲು ಎದ್ದು ನಿಂತರೆ ಅದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರದೆ ಇರದು. ಸಿಮೆಂಟಿನ ಗುಣವನ್ನಾಗಲಿ ಉಕ್ಕಿನ ಲೆಕ್ಕವನ್ನಾಗಲಿ ನಾನು ಅರಿತವನಲ್ಲ. ಆದರೆ ಯಾವ ಕಟ್ಟಡವೇ ಆಗಲಿ, ಒಬ್ಬನು ಹೇಳಿ, ಇನ್ನೊಬ್ಬನು ಕೇಳಿ, ಮತ್ತೊಬ್ಬನು ಮಾಡಿದ ಮೇಲೆ ಎದ್ದು ನಿಲ್ಲತಕ್ಕದ್ದು. ಈ ಹೇಳುವ ಕೇಳುವ ಭಾಗವು ನನ್ನ ವೃತ್ತಿಯ ಎಲ್ಲೆಯೊಳಗಿನದು ಎಂಬ ಧೈರ್ಯದಿಂದ ನಾಲ್ಕು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ಇನ್ನೊಂದು ಕಾರಣವೂ ಉಂಟು. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿ ಮುಗಿಸಿ ಪಾಲಿಟೆಕ್ನಿಕ್ಕಿಗೋ ಐ.ಟಿ.ಐ.ಗೋ ಸೇರುತ್ತಾರೆ. ಬಳಿಕ ಮಂಗಳೂರು, ಬೆಂಗಳೂರು, ಕೊಲ್ಲಿಯ ದೇಶಗಳೆಂದು ಹೋಗಿ ಕಟ್ಟಡದ ಕೆಲಸಗಳಲ್ಲಿ ಮೇಲ್ವಿಚಾರಕರಾಗುತ್ತಾರೆ. ಅವರ ತಂದೆತಾಯಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಪಂಡಿತರೇ, ಈ ವ್ಯಾಕರಣ, ಈ ವಾಕ್ಯರಚನೆ ನಮ್ಮ ಹುಡುಗನಿಗೆ ಯಾವ ಉಪಯೋಗಕ್ಕೆ?” ಇದಕ್ಕೆ ನೇರವಾದ ಉತ್ತರವನ್ನು ಕೊಡುವ ಬದಲು ಒಂದು ಸೇತುವೆಯ ಕಥೆಯನ್ನು ಹೇಳುತ್ತೇನೆ.

ಕೆನಡಾ ದೇಶದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ಎಂಬ ಮಹಾನದಿಯು ಹರಿಯುತ್ತದೆ. ಅದರ ಮೇಲೆ ರೈಲು ಹೋಗತಕ್ಕ ಉಕ್ಕಿನ ಸೇತುವೆಯೊಂದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟತೊಡಗಿದರು. ನಡುವಿನ ಎರಡು ಕಂಬಗಳ ಅಂತರ 1,800 ಅಡಿ. ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನೂ ಮೀರಿಸಿ, ಆ ಬಗೆಯ ಸೇತುವೆಗಳಲ್ಲಿ ಲೋಕಕ್ಕೇ ದೊಡ್ಡದಾಗಬೇಕೆಂಬುದು ಅವರ ಹಂಬಲ. ಈ ಕೆಲಸದ ಸೂತ್ರಗಳು ಮೂರು ಊರುಗಳಲ್ಲಿ ಹಂಚಿಹೋಗಿದ್ದವು. ಸೇತುವೆ ಏಳುತ್ತಿದ್ದುದು ಕ್ವಿಬೆಕ್ಕಿನಲ್ಲಿ. ಅದರ ಅಂಗಾಂಗಗಳ ವಿನ್ಯಾಸವಾಗಿ, ಉಕ್ಕು ಸಿದ್ಧವಾಗಿ ಬರುತ್ತಿದ್ದುದು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಫೀನಿಕ್ಸ್‌ವಿಲ್ ಎಂಬ ಊರಿನಿಂದ. ಎಲ್ಲಕ್ಕೂ ಕೊನೆಯ ಒಪ್ಪಿಗೆ ಕೊಡಬೇಕಾದ ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್ ಇದ್ದುದು ನ್ಯೂಯಾರ್ಕಿನಲ್ಲಿ. ಕೂಪರ್ ಮಹಾಶಯರು ಹೆಸರಾಂತ ವೃದ್ಧರು. ಆದರೆ ದೇಹಾರೋಗ್ಯ ಚೆನ್ನಾಗಿರಲಿಲ್ಲ. ನದಿಯ ಮೇಲೆ ಉಕ್ಕು ಏರುತ್ತಿದ್ದ ದಿನಗಳಲ್ಲಿ ಅವರು ಸ್ಥಳಕ್ಕೆ ಬರಲೇ ಇಲ್ಲ. ಅವರ ಕಣ್ಣಾಗಿ ಅಲ್ಲಿ ನಿಂತಿದ್ದವನು ನಾರ್ಮನ್ ಮೆಕ್ಲೂರ್ ಎಂಬ ತರುಣ.

1907ರ ಆಗಸ್ಟ್ ತಿಂಗಳಲ್ಲಿ, ಸೇತುವೆಯ ಭಾರವನ್ನೆಲ್ಲ ಹೊರಬೇಕಾದ ಕೆಳಗಣ ಉಕ್ಕಿನ ತೊಲೆಗಳು ಸೊಟ್ಟಗಾಗುತ್ತಿರುವುದು ಮೆಕ್ಲೂರನಿಗೆ ಕಂಡಿತು. ಅಳೆದು ನೋಡಿದನು. ಒಂದು ತೊಲೆಯಲ್ಲಿ ಮುಕ್ಕಾಲು ಅಂಗುಲವಿದ್ದ ಬಾಗು ಕೆಲವೇ ದಿನಗಳಲ್ಲಿ ಎರಡೂಕಾಲು ಅಂಗುಲವಾಗಿತ್ತು. ಕಾರ್ಖಾನೆಯವರು, ‘ಇದು ಹೊಸತಲ್ಲ, ಇಲ್ಲಿಂದ ಹೊರಟಾಗಲೇ ಹಾಗಿತ್ತು’ ಎಂದರು. ಮೆಕ್ಲೂರನು, ‘ಹಾಗಲ್ಲ, ನಾನೇ ಅಳೆದಿದ್ದೇನೆ’ ಎಂದನು. ಈ ವಾದವೆಲ್ಲ ಟಪ್ಪಾಲಿನ ಮೂಲಕ ನಡೆಯುತ್ತಿತ್ತು ಎಂಬುದನ್ನು ತಾವು ಗಮನಿಸಬೇಕು. ಕೊನೆಗೆ ಆ ತರುಣನು ರೈಲು ಹತ್ತಿ ನ್ಯೂಯಾರ್ಕಿಗೇ ಹೋದನು. ಆಗಸ್ಟ್ 29ರಂದು ಮಧ್ಯಾಹ್ನದ ಹೊತ್ತಿಗೆ ಕೂಪರ್ ವಿಷಯವನ್ನು ಅರಿತು, ಸೇತುವೆಯ ಮೇಲೆ ಇನ್ನು ಭಾರ ಹೇರಬಾರದೆಂದು ತಂತಿ ಕೊಟ್ಟರು.

ಎಲ್ಲಿಗೆ ಕೊಟ್ಟರು? ಫೀನಿಕ್ಸ್‌ವಿಲ್ಲಿಗೆ. ಕೆಲಸ ನಡೆಯುತ್ತಿದ್ದ ಕ್ವಿಬೆಕ್ಕಿಗೆ ಕೊಡಲಿಲ್ಲ. ಅಲ್ಲಿಗೆ ಸುದ್ದಿ ಹೋಗುವುದೆಂಬ ನಂಬಿಕೆಯೊಂದಿತ್ತು, ಸುದ್ದಿ ಹೋಗಲಿಲ್ಲ. ತಂತಿಯು ಅಪರಾಹ್ಣದಲ್ಲಿ ಕಾರ್ಖಾನೆಯವರ ಕೈ ಸೇರಿತು. ಸಂಜೆಗೆ ಮೆಕ್ಲೂರನೂ ಅಲ್ಲಿಗೆ ತಲುಪಿದನು. ದೊಡ್ಡವರು ಕುಳಿತು ಸಮಾಲೋಚಿಸಿ, ನಿರ್ಧಾರವನ್ನು ಮರುದಿನ ಬೆಳಿಗ್ಗೆ ಮಾಡೋಣವೆಂದು ಎದ್ದರು. ಅತ್ತ ಕ್ವಿಬೆಕ್ಕಿನಲ್ಲಿ ಆ ದಿನದ ಕೆಲಸ ಮುಗಿಯುವ ಹೊತ್ತು, ಸಂಜೆ ಐದೂವರೆ ಕಳೆದಿತ್ತು. ಹದಿನೈದೇ ಸೆಕೆಂಡುಗಳಲ್ಲಿ ಸಾವಿರಾರು ಟನ್ ಉಕ್ಕು ನದಿಗೆ ಕುಸಿಯಿತು. ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಮಡಿದರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಮೊಹಾಕ್ ಎಂಬ ಮೂಲನಿವಾಸಿ ಜನಾಂಗದವರು, ಒಂದೇ ಊರಿನವರು. ಆ ಊರಿನ ಮನೆಗಳ ಅಂದಿನ ರಾತ್ರಿಯನ್ನು ನಾನು ವರ್ಣಿಸಲಾರೆ.

ಇಲ್ಲಿ ನ್ಯಾಯವನ್ನು ಹೇಳಬೇಕು. ಆ ಸೇತುವೆ ಬಿದ್ದುದು ಲೆಕ್ಕದ ತಪ್ಪಿನಿಂದ. ಅಂತರವನ್ನು 1,600 ಅಡಿಗಳಿಂದ 1,800 ಅಡಿಗಳಿಗೆ ಹೆಚ್ಚಿಸಿದ ಮೇಲೆ ಸೇತುವೆಯ ಸ್ವಂತ ಭಾರವನ್ನು ಸರಿಯಾಗಿ ಮತ್ತೆ ಗುಣಿಸಿರಲಿಲ್ಲ. ಕೆಳಗಣ ತೊಲೆಗಳ ಜೋಡಣೆಯೂ ದುರ್ಬಲವಾಗಿತ್ತು. ವಿಚಾರಣೆಗೆಂದು ನೇಮಕವಾದ ರಾಯಲ್ ಕಮಿಷನ್ ಇದನ್ನು ನಿರ್ಣಯಿಸಿತು. ಸರಿಯಾದ ಮಾತು ಸರಿಯಾದ ಸ್ಥಳಕ್ಕೆ ತಲುಪಿದ್ದರೂ ಉಕ್ಕು ಉಳಿಯುತ್ತಿತ್ತೋ ಇಲ್ಲವೋ. ಆದರೆ ಜನ ಕೆಳಗಿಳಿಯುತ್ತಿದ್ದರು. ಮುಖ್ಯವಾದ ಮಾತು ಇದಿಷ್ಟೇ.

ನಮ್ಮ ಪ್ರಾಚೀನ ಶಾಸ್ತ್ರಕಾರರು ವಾಕ್ಯದಿಂದ ಅರ್ಥವು ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದರು. ಸನ್ನಿಧಿಯೆಂದರೆ ಸಾಮೀಪ್ಯ. ‘ಹಸುವನ್ನು’ ಎಂದು ಬೆಳಿಗ್ಗೆ ಹೇಳಿ, ‘ತಾ’ ಎಂದು ಸಂಜೆ ಹೇಳಿದರೆ ಯಾರೂ ಹಸುವನ್ನು ತರಲಾರರು. ವಿದ್ವತ್ ಪರೀಕ್ಷೆಗೆ ಓದುವಾಗ ಇದು ಕೂದಲು ಸೀಳುವ ಮಾತೆಂದು ನಮ್ಮಲ್ಲಿ ಕೆಲವರಿಗೆ ಅನ್ನಿಸಿದ್ದುಂಟು. ಕ್ವಿಬೆಕ್ಕಿನಲ್ಲಿ ತಪ್ಪಿದ್ದು ಈ ಸನ್ನಿಧಿಯೇ ಅಲ್ಲವೆ? ‘ನಿಲ್ಲಿಸಿ’ ಎಂಬ ಮಾತು ಒಂದು ಊರಿನಲ್ಲಿ, ನಿಲ್ಲಿಸಬೇಕಾದ ಕೈ ನೂರಾರು ಮೈಲಿ ಆಚೆ ಇನ್ನೊಂದು ಊರಿನಲ್ಲಿ. ಮಾತು ಹುಟ್ಟಿತು, ಅರ್ಥ ಹುಟ್ಟಲಿಲ್ಲ. ಸ್ಥಳದಲ್ಲಿದ್ದವರಲ್ಲಿ ‘ನಾನೇ ನಿಲ್ಲಿಸುತ್ತೇನೆ’ ಎನ್ನುವ ಅಧಿಕಾರವಿದ್ದವನೂ ಇರಲಿಲ್ಲ. ಅದು ಇದಕ್ಕಿಂತ ದೊಡ್ಡ ಲೋಪವೆಂದು ನನ್ನ ಅಭಿಮತ.

ಶಾಸ್ತ್ರಗಳಲ್ಲಿ ತಾತ್ಪರ್ಯವೆಂಬ ಇನ್ನೊಂದು ವಿಚಾರವುಂಟು. ‘ಸೈಂಧವ’ವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ‘ಸೈಂಧವ ತಾ’ ಎಂದರೆ ಕುದುರೆಯನ್ನು ತಂದು ನಿಲ್ಲಿಸಬಾರದು. ಇದಕ್ಕಾಗಿ ನಾವು ಸಂಸ್ಕೃತದವರೆಗೆ ಹೋಗಬೇಕಾಗಿಲ್ಲ. ನಮ್ಮ ಕನ್ನಡದ ‘ಮುಂದೆ’ ಎಂಬ ಪದವನ್ನೇ ನೋಡೋಣ. ಅದಕ್ಕೆ ಎದುರುಗಡೆ ಎಂದೂ ಅರ್ಥ, ಇನ್ನು ಮೇಲೆ ಎಂದೂ ಅರ್ಥ. ತುಳುವಿನ ‘ದುಂಬು’ ಎಂಬುದಕ್ಕೂ ಇದೇ ಬಗೆಯಲ್ಲಿ ಸ್ಥಳದ ಮುಖ ಒಂದು, ಕಾಲದ ಮುಖ ಒಂದು. ನಮ್ಮ ಕಡೆಯ ಗೃಹಸ್ಥರೊಬ್ಬರು ಕಟ್ಟುತ್ತಿದ್ದ ಮನೆಯಲ್ಲಿ, ‘ಈ ಕಿಟಕಿಯನ್ನು ಮುಂದೆ ಇಡೋಣ’ ಎಂದು ಹೇಳಿ ಪೇಟೆಗೆ ಹೋದರು. ಕೈಯಲ್ಲಿ ಹಣ ಬಂದ ಮೇಲೆ ನೋಡೋಣವೆಂದು ಅವರ ಇಂಗಿತ. ಸಂಜೆ ಮರಳಿ ಬಂದಾಗ ಮುಂಭಾಗದ ಗೋಡೆಯಲ್ಲಿ ಕಿಟಕಿಯ ಚೌಕಟ್ಟು ನಿಂತಿತ್ತು, ಸುತ್ತಲೂ ಕೆಂಪುಕಲ್ಲು ಏರಿತ್ತು. ಮೇಸ್ತ್ರಿಯ ಮೇಲೆ ಕೋಪಿಸಿಕೊಂಡರಂತೆ. ವ್ಯಾಕರಣದ ಪ್ರಕಾರ ಮೇಸ್ತ್ರಿಯು ನಿರ್ದೋಷಿ.

‘ಮೇಲೆ’ ಎಂಬುದೂ ಇಂಥದೇ. ‘ಇದರ ಮೇಲೆ ಅದನ್ನು ಕಟ್ಟಿ’ ಎಂದರೆ ತುದಿಯಲ್ಲಿ ಎಂದೋ, ಇದಾದ ಬಳಿಕ ಎಂದೋ? ಮನೆಮಾತಿನಲ್ಲಿ ಇದರಿಂದ ಬಾಧಕವಿಲ್ಲ, ಮುಖ ನೋಡಿ ಅರಿತುಕೊಳ್ಳುತ್ತೇವೆ. ಕಟ್ಟಡದ ಕೆಲಸದಲ್ಲಿ ಹೇಳಿದವನು ಹೊರಟುಹೋಗಿರುತ್ತಾನೆ.

ಅಳತೆಯ ಮಾತಂತೂ ಇನ್ನೂ ಸೂಕ್ಷ್ಮ. ‘ಒಂದಕ್ಕೆ ಆರು’ ಎಂದು ಗಾರೆಯ ಪ್ರಮಾಣ ಹೇಳುತ್ತಾರೆ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಪಾಲೆಂದರೆ ಯಾವುದು? ಐವತ್ತು ಕಿಲೋಗ್ರಾಮಿನ ಸಿಮೆಂಟಿನ ಚೀಲದ ಗಾತ್ರ ಸುಮಾರು 35 ಲೀಟರು. ಹೊರುವ ಬುಟ್ಟಿಗಳೋ ಒಂದೊಂದು ಅಂಗಡಿಯಲ್ಲಿ ಒಂದೊಂದು ಅಳತೆ. ಒಬ್ಬನು ಚೀಲಕ್ಕೆ ಆರು ಬುಟ್ಟಿ ಹಾಕಿ ಗಾರೆಯಲ್ಲಿ ಸಿಮೆಂಟನ್ನು ವ್ಯರ್ಥಮಾಡುತ್ತಾನೆ. ಇನ್ನೊಬ್ಬನು ಬುಟ್ಟಿ ಚಿಕ್ಕದೆಂದು ಕಣ್ಣಂದಾಜಿನಿಂದ ಸುರಿಯುತ್ತಾ ಹೋಗಿ ಗೋಡೆಯನ್ನು ಸಡಿಲಮಾಡುತ್ತಾನೆ. 35 ಲೀಟರು ಹಿಡಿಯುವ ಮರದ ಅಥವಾ ತಗಡಿನ ಒಂದು ಪೆಟ್ಟಿಗೆಯನ್ನು ಮಾಡಿಸಿಟ್ಟು, ‘ಚೀಲಕ್ಕೆ ಈ ಪೆಟ್ಟಿಗೆಯಿಂದ ಆರು’ ಎಂದರೆ ಭಾಷೆ ಬಾರದವನಿಗೂ ಅರ್ಥವಾಗುತ್ತದೆ.

ಈಗ ಎರಡನೆಯ ಕಥೆ. ಅಮೆರಿಕದ ಕ್ಯಾನ್ಸಾಸ್ ಸಿಟಿಯ ದೊಡ್ಡ ಹೋಟೆಲೊಂದರಲ್ಲಿ ವಿಶಾಲವಾದ ಒಳಾಂಗಣದ ಮೇಲೆ ನಡೆದಾಡುವ ತೂಗುಸೇತುವೆಗಳಿದ್ದವು. ಎರಡನೆಯ ಅಂತಸ್ತಿನದು ಕೆಳಗೆ, ನಾಲ್ಕನೆಯದು ಅದರ ನೇರ ಮೇಲೆ. ಮಾಡಿನಿಂದ ಇಳಿಬಿಟ್ಟ ಉದ್ದದ ಕಂಬಿಗಳು ಎರಡನ್ನೂ ಹೊರಬೇಕೆಂದು ಮೊದಲ ನಕ್ಷೆಯಿತ್ತು. ಉಕ್ಕಿನ ಕೆಲಸದವರು, ಅಷ್ಟು ಉದ್ದದ ಕಂಬಿ ಅನಾನುಕೂಲವೆಂದು ಅದನ್ನು ಎರಡು ತುಂಡಾಗಿಸುವ ಬದಲಾವಣೆಯನ್ನು ಸೂಚಿಸಿದರು. ಮೇಲಿನ ಸೇತುವೆ ಮಾಡಿಗೆ ತೂಗಿತು. ಕೆಳಗಿನದು ಮೇಲಿನದಕ್ಕೆ ತೂಗಿತು.

ಮಕ್ಕಳಿಗೆ ಹೀಗೆ ಹೇಳುತ್ತೇನೆ: ಬಾವಿಯ ಹಗ್ಗವನ್ನು ಇಬ್ಬರು ಬೇರೆ ಬೇರೆ ಕಡೆ ಹಿಡಿದು ತೂಗಿದರೆ ಒಬ್ಬೊಬ್ಬನ ಕೈಗೆ ಅವನವನ ಭಾರವೇ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲನ್ನು ಹಿಡಿದನೋ, ಮೇಲಿನವನ ಕೈಗೆ ಇಬ್ಬರ ಭಾರ. ಹಗ್ಗ ಅದೇ, ಜನ ಅವರೇ. ನಕ್ಷೆಯಲ್ಲಿ ಒಂದು ಗೆರೆ ಎರಡು ಗೆರೆಯಾದುದು ಇಷ್ಟನ್ನು ಮಾಡಿತು. 1981ರ ಜುಲೈ 17ರ ಸಂಜೆ, ಕೆಳಗೆ ಜನ ನೆರೆದು ನರ್ತಿಸುತ್ತಿದ್ದಾಗ, ಎರಡೂ ಕಳಚಿ ಬಿದ್ದು 114 ಮಂದಿ ತೀರಿಕೊಂಡರು. ಬಳಿಕ ವಿಚಾರಣೆಯಲ್ಲಿ, ‘ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದಿದ್ದೆವು’ ಎಂದು ಒಂದು ಪಕ್ಷ. ‘ಅಂಥ ಮಾತೇ ನಡೆದಿಲ್ಲ’ ಎಂದು ಇನ್ನೊಂದು ಪಕ್ಷ. ಬದಲಾದ ನಕ್ಷೆಗೆ ಎಂಜಿನಿಯರರ ಮೊಹರು ಬಿದ್ದಿತ್ತು. ಬದಲಾದ ಗೆರೆಗೆ ಯಾರೂ ಲೆಕ್ಕ ಹಾಕಿರಲಿಲ್ಲ. ಕ್ವಿಬೆಕ್ಕಿನಲ್ಲಿ ಮಾತು ತಡವಾಯಿತು, ಇಲ್ಲಿ ಮಾತಿಗೆ ಸಾಕ್ಷಿಯೇ ಇಲ್ಲವಾಯಿತು.

ಹಾಗಾದರೆ ಮಾಡತಕ್ಕದ್ದೇನು? ಸರಕಾರದ ಲೋಕೋಪಯೋಗಿ ಕಾಮಗಾರಿಗಳಲ್ಲಿ ‘ಸೈಟ್ ಆರ್ಡರ್ ಬುಕ್’ ಎಂಬುದೊಂದು ಇರುತ್ತದೆ. ಎಂಜಿನಿಯರರು ಸ್ಥಳದಲ್ಲಿ ಕೊಟ್ಟ ಆಜ್ಞೆಯನ್ನು ಅದರಲ್ಲಿ ಬರೆದು, ದಿನಾಂಕ ಹಾಕಿ, ಕಂಟ್ರಾಕ್ಟುದಾರರ ಸಹಿ ಪಡೆಯುತ್ತಾರೆ. ಮನೆ ಕಟ್ಟಿಸುವವರೂ ನೂರು ಪುಟದ ಒಂದು ಸಾಧಾರಣ ನೋಟುಪುಸ್ತಕವನ್ನು ಇದೇ ರೀತಿ ಇಟ್ಟುಕೊಳ್ಳಬಹುದು. ಅದು ಅಪನಂಬಿಕೆಯ ಗುರುತೆಂದು ಮೇಸ್ತ್ರಿಗಳು ನೊಂದುಕೊಳ್ಳುವುದುಂಟು. ಅವರಿಗೂ ಅದು ರಕ್ಷೆಯೆಂದು ತಿಳಿಯಪಡಿಸಬೇಕು. ‘ಮುಂದೆ’ ಎಂಬ ಪದಕ್ಕೆ ಸಿಲುಕಿದ ಆ ಮೇಸ್ತ್ರಿಗೆ ಇಂಥದೊಂದು ಪುಸ್ತಕವಿದ್ದಿದ್ದರೆ ಬೈಗುಳು ತಪ್ಪುತ್ತಿತ್ತು.

ನಕ್ಷೆ ತಿದ್ದುಪಡಿಯಾದಾಗ ಹೊಸದನ್ನು ಮೊಬೈಲ್ ಫೋನಿನಲ್ಲಿ ಕಳುಹಿಸಿಬಿಡುವ ಪದ್ಧತಿ ಈಗ ಬಂದಿದೆ. ಶೀಘ್ರವೇನೋ ಹೌದು. ಆದರೆ ಕೆಲಸದ ಸ್ಥಳದ ಗೋಡೆಗೆ ಅಂಟಿಸಿದ ಹಳೆಯ ಹಾಳೆಯನ್ನು ಹರಿಯುವವರಾರು? ಮೇಲ್ವಿಚಾರಕನ ಜೇಬಿನಲ್ಲಿ ಒಂದು ನಕ್ಷೆ, ಕಂಬಿ ಕಟ್ಟುವವನ ಕಣ್ಣೆದುರು ಇನ್ನೊಂದು. ಪ್ರತಿ ನಕ್ಷೆಯ ಮೂಲೆಯಲ್ಲಿ ತಿದ್ದುಪಡಿಯ ಸಂಖ್ಯೆಯನ್ನು ಹಾಕುವುದೂ, ಹೊಸದನ್ನು ಕೊಡುವಾಗಲೇ ಹಳೆಯದನ್ನು ಹಿಂದಕ್ಕೆ ಪಡೆಯುವುದೂ ಸಣ್ಣ ಶ್ರಮವೇ.

ಇವೆಲ್ಲಕ್ಕಿಂತ ಸುಲಭವಾದದ್ದು ನಮ್ಮ ಶಾಲೆಗಳ ಹಳೆಯ ಕ್ರಮ, ಪಾಠ ಒಪ್ಪಿಸುವುದು. ‘ತಿಳಿಯಿತೇ?’ ಎಂದು ಕೇಳಿದರೆ ಇಡೀ ತರಗತಿಯು ‘ತಿಳಿಯಿತು’ ಎನ್ನುತ್ತದೆ. ಇದರ ಬೆಲೆ ಎಷ್ಟೆಂದು ಅಧ್ಯಾಪಕರೆಲ್ಲ ಬಲ್ಲರು. ಕಟ್ಟಡದ ಕೆಲಸದಲ್ಲಿಯೂ ಹಾಗೆಯೇ. ‘ತಿಳಿಯಿತೇ’ ಎಂದು ಕೇಳದೆ, ‘ಏನು ಮಾಡುತ್ತೀರಿ, ಒಮ್ಮೆ ಹೇಳಿ ನೋಡೋಣ’ ಎಂದು ಕೇಳಬೇಕು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಲಿ. ತೂಗುಗುಂಡು ಗೋಡೆಯ ಸೊಟ್ಟನ್ನು ತೋರಿಸುವುದು, ರಸಮಟ್ಟ ನೆಲದ ಏರುಪೇರನ್ನು ತೋರಿಸುವುದು. ಮಾತಿನ ಸೊಟ್ಟನ್ನು ತೋರಿಸಲು ಇದೊಂದೇ ಉಪಕರಣ.

ಇಂದು ಕೇರಳದಲ್ಲಿ ಕಟ್ಟಡಗಳ ಮೇಲೆ ದುಡಿಯುವವರಲ್ಲಿ ಬಹುಮಂದಿ ಪಶ್ಚಿಮ ಬಂಗಾಳ, ಅಸ್ಸಾಂ, ಒಡಿಶಾ ಪ್ರಾಂತಗಳಿಂದ ಬಂದವರು. ಅವರಿಗೆ ಮಲಯಾಳವನ್ನು ಕಲಿಸಲು ರಾಜ್ಯದ ಸಾಕ್ಷರತಾ ಮಿಷನ್ ‘ಚಙ್ಙಾತಿ’ ಎಂಬ ಯೋಜನೆಯನ್ನು ನಡೆಸಿತು. ಆ ಹೆಸರಿಗೆ ಗೆಳೆಯನೆಂದು ಅರ್ಥ. ಎತ್ತರದ ಸಾರವೆಯ ಮೇಲೆ ನಿಂತವನಿಗೆ ಕೆಳಗಿನಿಂದ ‘ಸರಿಯಿರಿ!’ ಎಂದು ಕೂಗಿದಾಗ, ಆ ಒಂದು ಪದ ತಿಳಿಯದಿದ್ದರೆ ಏನಾದೀತೆಂದು ಯೋಚಿಸಬೇಕು. ಕನ್ನಡ, ತುಳು, ಮಲಯಾಳ, ಮರಾಠಿ, ಕೊಂಕಣಿ, ಉರ್ದುಗಳ ನಡುವೆ ಬಾಳಿದ ನಮ್ಮ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವುಂಟು: ಎದುರಿನವನಿಗೆ ತನ್ನ ಮಾತು ತಿಳಿಯದೆ ಇರಬಹುದೆಂಬ ಎಚ್ಚರ ಅವರಿಗೆ ಬಾಲ್ಯದಿಂದಲೇ ಅಭ್ಯಾಸವಾಗಿದೆ. ಒಂದೇ ಭಾಷೆಯ ಊರಿನಲ್ಲಿ ಬೆಳೆದವನು ಇದನ್ನು ಬೇರೆಯಾಗಿ ಕಲಿಯಬೇಕಾಗುತ್ತದೆ. ಸ್ಫುಟವಾಗಿ ಹೇಳುವ ಶಿಕ್ಷಣವನ್ನು ತಾಯ್ನುಡಿಯಲ್ಲಿ ಪಡೆದ ಹುಡುಗನು ಅದನ್ನು ಇಂಗ್ಲಿಷಿಗೂ ಹಿಂದಿಗೂ ಒಯ್ಯಬಲ್ಲನು. ನನ್ನನ್ನು ಪ್ರಶ್ನಿಸಿದ ತಂದೆತಾಯಿಗಳಿಗೆ ನನ್ನ ಉತ್ತರ ಇದು.

ಕೊನೆಯದಾಗಿ ಸಂಘದವರಲ್ಲಿ ಒಂದು ಬಿನ್ನಹ. ನಮ್ಮ ಕಡೆಯ ಕಲ್ಲುಕೆಲಸದವರ, ಮರಗೆಲಸದ ಆಚಾರಿಗಳ ಬಾಯಲ್ಲಿರುವ ಪದಗಳನ್ನು, ಒಂದೊಂದಕ್ಕೂ ಕನ್ನಡ, ತುಳು, ಮಲಯಾಳ ಮೂರರ ರೂಪವನ್ನು ಕೊಟ್ಟು, ಒಂದು ಚಿಕ್ಕ ಪುಸ್ತಿಕೆಯಾಗಿ ಸಂಗ್ರಹಿಸಬೇಕು. ನನ್ನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಬರೆದುಕೊಂಡು ಬರಲು ಸಿದ್ಧರಿದ್ದಾರೆ. ಈ ಸಭೆಯಲ್ಲಿಯೇ ಕೆಲವು ಹಿರಿಯ ಮೇಸ್ತ್ರಿಗಳು ಕುಳಿತಿರುವುದನ್ನು ಕಾಣುತ್ತಿದ್ದೇನೆ. ನಾನು ಬಳಸಿದ ಪದಗಳಲ್ಲಿ ತಪ್ಪಿದ್ದರೆ ಅವರು ಈಗಲೇ ತಿದ್ದಬೇಕೆಂದು ಕೋರುತ್ತೇನೆ.